ಸುಣ್ಣ ತುಂಬಿದ ಬಾಟಲಿ

"ನೀ ಪೊಲೀಸ ಅಲ್ಲಲೇ ಕಳಕೇಶ, ಹುಲಿಗೆಪ್ಪನ ಹಟ್ಟಿ ನಾಯಿ! ಸಣ್ಣಾಂವಿದ್ದಾಗ ಅಂವ ಒಗದ ರೊಟ್ಟಿ ತಿಂದಿ. ಈಗ ಖಾಕಿ ಹಾಕ್ಕೊಂಡು ಅಂವನ ಮುಂದ ಬಾಲ ಅಳ್ಳಾಡಸಾಕ ಹತ್ತಿ!"

ಗೌರೀಶ ಇದನ್ನು ಕೂಗಿ ಹೇಳಿದ್ದು ಇರಕಲ್ಲಗಡದ ಹೊರಗಿನ ಬಯಲಿನಲ್ಲಿ, ಅರ್ಧ ಊರಿನ ಎದುರು. ಪಕ್ಕದಲ್ಲಿ ಜೆಸಿಬಿ ತೋಡಿದ ಗುಂಡಿ. ಗುಂಡಿಯೊಳಗೆ ಅವನ ಕುರಿಗಳು ಕಾಲು ಸೆಟೆದುಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಅಂಥ ಗುಂಡಿಯ ಅಂಚಿನಲ್ಲಿ ನಿಂತವರಿಗೂ ನಗು ಬಂತು. ಒಬ್ಬ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ. ಇನ್ನೊಬ್ಬ ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಹವಾಲ್ದಾರ ಕಳಕೇಶನ ಕಿವಿ ಕಾದ ಹಂಚಾಯಿತು. ಕೈ ತಾನಾಗಿಯೇ ಮುಷ್ಟಿ ಕಟ್ಟಿತು. ಆದರೆ ಗೌರೀಶನ ಕಣ್ಣು ನೋಡಿದ. ರಾತ್ರಿಯೆಲ್ಲ ಅತ್ತು ಊದಿದ ಕಣ್ಣು. ಮುಷ್ಟಿ ಬಿಚ್ಚಿಕೊಂಡಿತು.

"ಬೈದದ್ದು ಆತಲ್ಲ, ಗೌರೀಶಣ್ಣ? ಈಗ ಉಳದ ಕುರಿ ತೋರಸು. ಡಾಕ್ಟರು ನೋಡ್ಬೇಕಂತ."

"ಏನ್ ನೋಡೋದೈತಿ? ಆ ಮುದುಕನ ಗುಡಾರದಾಗ ಸೋರಿ ಬುರುಡಿ ಸಿಕ್ಕೈತಿ. ಬುರುಡಿ ತುಂಬ ಸಿಡುಬಿನ ಹಕ್ಕಳಿ. ಇನ್ನೇನ್ ಬೇಕು ನಿನಗ? ಅಂವ ಬಂದು ನನ್ನ ಕುರಿಗೆ ಹಚ್ಚಿ ಹೋಗೂಮುಂದ ತಗದ ಫೋಟೋ ಬೇಕೇನು?"

ಬುರುಡೆಯ ಮಾತು ನಿಜವೇ ಆಗಿತ್ತು. ಸಿಡುಬಿನ ಹುಣ್ಣಿನ ಒಣ ಸಿಪ್ಪೆ ತುಂಬಿದ ಆ ಸೋರೆ ಬುರುಡೆ ಸಿಕ್ಕಿದ್ದು ನಿನ್ನೆ ಸಂಜೆ, ಊರಿನ ಪಂಚರ ಕಣ್ಣೆದುರು. ಮುದುಕ ಹುಲಿಗೆಪ್ಪ ಈಗ ಲಾಕಪ್ಪಿನ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಪಿಎಸ್‌ಐ ಸಾಹೇಬರು ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದರು. "ಕುರಿಗಾರರ ಮಂದಿ ನಿನಗ ಗೊತ್ತು ಅಂತ ನಿನ್ನ ಕಳಸಾಕತ್ತೀನಿ. ಸಂಜಿ ಒಳಗ ಬ್ಯಾರೆ ಏನರ ತಂದ್ರ ತಾ. ಇಲ್ಲಂದ್ರ ಮುದುಕನ್ನ ಕೋರ್ಟಿಗೆ ಒಯ್ದು ನಿಲ್ಲಸ್ತೀನಿ."

ಕೋರ್ಟಿಗೆ ನಿಂತರೆ ಜೈಲು. ಹುಲಿಗೆಪ್ಪ ಜೈಲಿಗೆ ಹೋದರೆ ಅವನ ಕುರಿಗಳ ಗತಿ ಆಗಲೇ ಕಣ್ಣೆದುರಿಗಿತ್ತು. ಬಯಲಿನ ಆಚೆ ತುದಿಯಲ್ಲಿ ಬಲೆ ಕಟ್ಟಿ ಅವುಗಳನ್ನು ಕೂಡಿಹಾಕಿದ್ದರು. ಒಂದಕ್ಕೂ ರೋಗ ಇರಲಿಲ್ಲ. ಆದರೂ ರೋಗ ಬಿದ್ದ ಜಾಗದಿಂದ ಒಂದು ಮರಿಯೂ ಕದಲುವಂತಿಲ್ಲ, ಅದು ಕಾನೂನು. ಗಂಗಾವತಿ ಕಡೆ ಭತ್ತ ಕೊಯ್ದು ಗದ್ದೆಗಳು ಖಾಲಿ ಬಿದ್ದಿದ್ದವು. ಕುರಿ ತಂದು ರಾತ್ರಿ ಗದ್ದೆಯಲ್ಲೇ ತರುಬಿ, ಗೊಬ್ಬರ ಆಗಲಿ ಎಂದು ಅಲ್ಲಿಯ ರೈತರು ಹುಲಿಗೆಪ್ಪನ ದಾರಿ ಕಾಯುತ್ತಿದ್ದರು. ಇಲ್ಲಿ ಅವನ ಹೆಂಡತಿ ಹುಲಗಮ್ಮ ಬಲೆಯ ಹೊರಗೆ ನಿಂತು, ಜಾಲಿಕಾಯಿಯನ್ನು ಉಡಿಯಿಂದ ತೆಗೆದು ಒಂದೊಂದೇ ಹಿಡಿ ಒಳಗೆ ಚೆಲ್ಲುತ್ತಿದ್ದಳು. ಕುರಿಗಳು ಅವಳ ಕೈ ನೆಕ್ಕುತ್ತಿದ್ದವು.

ಕಳಕೇಶನನ್ನು ಕಂಡವಳೇ ಉಡಿ ಬಿಟ್ಟು ಓಡಿ ಬಂದಳು.

"ನಿನ್ನ ಕಾಕಾ ಬಾಯಿ ಬಿಡವಲ್ಲ ತಮ್ಮಾ. ನನ್ನ ಕೂಡನೂ ಮಾತಾಡವಲ್ಲ. ಮುಂಜಾನಿ ಹೋಗಿ ಕಬ್ಬಿಣದ ಸರಳ ಹಿಡದು ಕೇಳಿದೆ, 'ಯಾರ್ಯಾರು ಬಂದಿದ್ರು, ಬುರುಡಿ ಯಾರಿಗರ ಕೊಟ್ಟಿದ್ದಿ ಏನು' ಅಂತ. ಮಾರಿ ತಿರುವಿ ಕುಂತ."

"ಯಾರಿಗರ ಕೊಟ್ಟಿದ್ದನೇನು, ಚಿಗವ್ವ?"

"ನಾ ಸಂತಿಗೆ ಹೋದಾಗ ಯಾರೋ ಬಂದು ಹೋಗ್ಯಾರ. ಕುಡಿದ ಚಾದ ಎರಡು ಕಪ್ಪು ಬೂದ್ಯಾಗ ಬೋರಲು ಹಾಕಿದ್ದ. ನಿನ್ನ ಕಾಕಾ ತನಗ ತಾನ ಎಂದೂ ಚಾ ಮಾಡ್ಕೊಂಡು ಕುಡಿಯಾಂವ ಅಲ್ಲ. ಬಂದಾವ್ರು ಬೇಕಾದವ್ರ ಇರಬೇಕು."

ಬೇಕಾದವರು. ಕಳಕೇಶ ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡ.

"ಹವಾಲ್ದಾರ್ರ, ಇಲ್ಲಿ ಬರ್ರಿ."

ಕರೆದದ್ದು ಡಾಕ್ಟರ್ ಮೆಹರಾಜ. ಕುರಿಗಳು ಸಾಯಲು ಶುರುವಾದ ಮೇಲೆ ರೋಗದ ಮೂಲ ಹುಡುಕಲೆಂದು ಹೊರ ಜಿಲ್ಲೆಯಿಂದ ಕಳಿಸಿದ್ದ ಪಶುವೈದ್ಯೆ. ಬಂದು ಇನ್ನೂ ವಾರವಾಗಿರಲಿಲ್ಲ, ಊರಿನಲ್ಲಿ ಒಬ್ಬರ ಮನೆಯ ಪರಿಚಯವೂ ಅವರಿಗಿರಲಿಲ್ಲ. ಪ್ಯಾಂಟಿನ ಮೊಣಕಾಲಿಗೆ ಕೆಸರು ಮೆತ್ತಿಸಿಕೊಂಡು, ನರಳುತ್ತಿದ್ದ ಒಂದು ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕುರಿಯ ಮೂಗಿನ ತುಂಬ ಹುಣ್ಣು, ರೆಪ್ಪೆ ಅಂಟಿ ಹೋಗಿತ್ತು.

"ನಿಮ್ಮ ಮಂದಿ ಹಕ್ಕಳಿ ಎಲ್ಲಿ ಹಚ್ಚತಾರ್ರಿ?"

"ಕಿವಿಗೆ, ಮೇಡಂ. ಕಿವಿ ತುದಿ ಹರದು, ಹಕ್ಕಳಿ ತೇದು, ಹಾಲಿನಾಗ ಕಲಿಸಿ ತಿಕ್ಕತಾರ. ಕಿವ್ಯಾಗ ಸಿಡುಬಿನ ಅವ್ವ ಎದ್ದರ ಮೈತುಂಬ ಏಳಂಗಿಲ್ಲ ಅಂತ. ನೋಡ್ರಿ ಅಲ್ಲಿ, ಹುಲಿಗೆಪ್ಪ ಕಾಕಾನ ಒಂದೊಂದು ಕುರಿಗೂ ಕಿವಿ ಹರದದ್ದೈತಿ."

"ಬ್ಯಾರೆ ಎಲ್ಲೂ ಹಚ್ಚಂಗಿಲ್ಲ?"

"ಇಲ್ರಿ. ಹಚ್ಚಿದ್ರ ಕುರಿ ಉಳಿಯಂಗಿಲ್ಲ ಅಂತಿದ್ದ ನಮ್ಮಪ್ಪ."

ಮೆಹರಾಜ ಕುರಿಯ ಕಿವಿಯನ್ನು ಬೆರಳಿನಲ್ಲಿ ಬಿಡಿಸಿ ತೋರಿಸಿದರು. ನುಣ್ಣಗಿತ್ತು. ಎಳೆ ವೀಳ್ಯದೆಲೆಯಂತೆ, ಒಂದು ಗೀರೂ ಇಲ್ಲ. ಆಮೇಲೆ ಹಿಂಗಾಲನ್ನು ಮೆಲ್ಲಗೆ ಅಗಲಿಸಿದರು. ತೊಡೆಯ ಒಳಮೈಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗಂಟು. ಕಪ್ಪಗಾಗಿ, ನಡುವೆ ಕುಳಿ ಬಿದ್ದಿತ್ತು. ಮೈಮೇಲಿನ ಬೇರೆ ಗುಳ್ಳೆಗಳೆಲ್ಲ ಇದರ ಮುಂದೆ ಮೊನ್ನೆ ಹುಟ್ಟಿದ ಮರಿಗಳು.

"ಇದು ಎಲ್ಲಕ್ಕಿಂತ ಹಿರೇದು. ರೋಗ ಮೈಗೆ ಹೊಕ್ಕಿದ್ದು ಇಲ್ಲಿಂದ. ಸತ್ತ ಕುರಿನೂ ನೋಡಿ ಬಂದೀನಿ, ಅವಕ್ಕೂ ಇಲ್ಲೇ ಐತಿ. ಈ ಜಾಗಕ್ಕ ಹಕ್ಕಳಿ ತಿಕ್ಕೋ ಕುರಿಗಾರ ಇಲ್ಲ ಅಂತೀರಿ. ಆದ್ರ ಈ ಜಾಗಕ್ಕ ಬರೋದು ಒಂದೈತ್ರಿ."

"ಸೂಜಿ."

"ಹೌದ್ರಿ, ಸೂಜಿ. ಲಸಿಕಿ ಹಾಕೋ ಜಾಗ ಇದು."

ಹುಲಿಗೆಪ್ಪ ಹುಟ್ಟಿನಿಂದ ಸೂಜಿ ಹಿಡಿದವನಲ್ಲ. ಕಂಬಳಿ ಹೊಲಿಯುವ ದಬ್ಬಳ ಬಿಟ್ಟರೆ ಬೇರೆ ಸೂಜಿ ಅವನ ಬೆರಳಿಗೆ ಗೊತ್ತಿಲ್ಲ.

"ಹಂಗಾರ ಕಾಕಾನ್ನ ಬಿಡಬೌದಲ್ರಿ?"

"ಆ ಹಕ್ಕಳಿ ಇಟ್ಟಕೊಂಡದ್ದು ತಪ್ಪ ಐತ್ರಿ. ಅದರಾಗ ಎರಡು ಮಾತಿಲ್ಲ."

"ಮೇಡಂ, ನಮ್ಮ ಮುತ್ತ್ಯಾನ ಕಾಲದಿಂದ ನಡದು ಬಂದದ್ದು! ಲಸಿಕಿ ಹುಟ್ಟೂಕಿಂತ ಮೊದಲಿಂದೂ ನಮ್ಮ ಕುರಿ ಉಳದದ್ದು ಅದರ ಮ್ಯಾಲ. ಅದಕ್ಕ ಜೈಲೇನ್ರಿ?" ದನಿ ತಾನಾಗಿಯೇ ಏರಿತ್ತು.

ಮೆಹರಾಜ ಸಿಟ್ಟಾಗಲಿಲ್ಲ. ಕುರಿಯ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದರು.

"ನಿಮ್ಮ ಮುತ್ತ್ಯಾನ ಕಾಲಕ್ಕ ಕುರಿ ನಡಕೊಂತ ಹೋಗ್ತಿದ್ವು. ಈಗ ಲಾರಿ ಹತ್ತತಾವ. ಇವತ್ತು ಇಲ್ಲಿ ಸೀನಿದ ಕುರಿ ನಾಳೆ ಹೈದರಾಬಾದಿನ ಸಂತ್ಯಾಗ ಇರತೈತಿ. ಲ್ಯಾಬಿನ್ಯಾಗ ನಾ ಆ ಹಕ್ಕಳಿ ಒಂದು ಚಿಟಿಕಿ ಮುಟ್ಟಬೇಕಂದ್ರ ಎರಡು ಬಾಗಲಾ ದಾಟಬೇಕು, ಅರಬಿ ಬದಲಿಸಬೇಕು, ಹೊರಗ ಬರೂಮುಂದ ಜಳಕ ಮಾಡಬೇಕು. ಡಾಕ್ಟರ್ ಇದ್ರೂ ಅಷ್ಟ, ಯಾರಿದ್ರೂ ಅಷ್ಟ. ಪರವಾನಗಿ ತಗೊಳ್ಳದ ಅದನ್ನ ಮನಿಗೆ ಒಯ್ದರ ನಾನೂ ಒಳಗ ಹೋಗ್ತೀನಿ. ಆದ್ರ ಕೇಳ್ರಿಲ್ಲಿ. ತಿಳೀಲಾರದ ಇಟ್ಟಕೊಳ್ಳೋದು ಬ್ಯಾರೆ, ಬೇಕಂತ ಮಂದಿ ಕುರಿಗೆ ಹಚ್ಚೋದು ಬ್ಯಾರೆ. ಮೊದಲನೇದಕ್ಕ ನಾನ ಕೋರ್ಟಿಗೆ ಬಂದು ಮುದುಕನ ಪರವಾಗಿ ಮಾತಾಡ್ತೀನಿ. ಎರಡನೇದಕ್ಕ ಯಾರೂ ಮಾತಾಡಂಗಿಲ್ಲ. ನಿಮ್ಮ ಸಾಹೇಬ್ರು ಮುದುಕನ ಮ್ಯಾಲ ಹಾಕಾಕ ಹೊಂಟಿದ್ದು ಎರಡನೇದು."

ಕಳಕೇಶ ಗೌರೀಶನ ಕಡೆ ತಿರುಗಿದ.

"ಗೌರೀಶಣ್ಣ, ಕುರಿಗೆ ಸೂಜಿ ಹಾಕಸಿದ್ದೇನು?"

ಒಂದು ಗಳಿಗೆಯ ಹಿಂದೆ ಊರನ್ನೇ ಎತ್ತಿ ಒಗೆಯುವಂತಿದ್ದ ಮನುಷ್ಯ ಗುಂಡಿಯ ಕಡೆ ಮುಖ ಮಾಡಿದ.

"ಸೂಜಿ ಗೀಜಿ ಏನಿಲ್ಲ."

"ತೊಡ್ಯಾಗ ಐತಿ ನೋಡು."

"ಇಲ್ಲಂದ್ರ ಇಲ್ಲ. ಆ ಮಾತ ಬಿಡು ಕಳಕೇಶ. ಅದು ನಿನಗ ಛಲೋ ಅಲ್ಲ."

ಕಳಕೇಶನಿಗೆ ಅದು ಧಮಕಿಯಂತೆ ಕೇಳಿತು. ನೆರೆದ ಜನರಲ್ಲಿ ಈ ಸಲ ಯಾರೂ ನಗಲಿಲ್ಲ. ಅದನ್ನು ಅವನು ಗಮನಿಸಿದ. ಯಾಕೆ ಎಂದು ಮಾತ್ರ ಹೊಳೆಯಲಿಲ್ಲ.

ಗೌರೀಶನ ಮನೆ ಬಯಲಿಗೆ ಅಂಟಿಕೊಂಡೇ ಇತ್ತು. ಕಟ್ಟೆಯ ಮೇಲೆ ಅವನ ತಾಯಿ ಶಾಂತಕ್ಕ ಕಾಲು ಚಾಚಿ ಕೂತು, ಎಲೆಯಡಿಕೆಯ ಚಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿಯುತ್ತಿದ್ದಳು. ಮಗನ ಕುರಿ ಸತ್ತ ದುಃಖ ಅವಳಿಗೂ ಇತ್ತು. ಆದರೆ ಎಲೆ ಬಿಟ್ಟು ಅಳುವುದು ಅವಳಿಗೆ ಬರುತ್ತಿರಲಿಲ್ಲ.

"ಬಾರಪ್ಪ, ಕುಂದರು. ನನ್ನ ಮಗ ಬೈದನಂತಲ್ಲ. ಅಂವನ ಬಾಯಾಗ ಹುಳಾ ಬೀಳ್ಲಿ. ಡಾಕ್ಟರವ್ವ, ನೀನೂ ಕುಂದರವಾ. ಎಲಿ ಹಾಕ್ಕೊಂತಿ?"

"ಬ್ಯಾಡ್ರೆವ್ವಾ," ಎಂದ ಮೆಹರಾಜರ ಕಣ್ಣು ಮುದುಕಿಯ ಕೈಮೇಲೆ ನಿಂತುಬಿಟ್ಟಿತು.

ಶಾಂತಕ್ಕ ಚಂಚಿಯ ಒಳಜೇಬಿನಿಂದ ಸುಣ್ಣ ತೆಗೆದಿದ್ದಳು. ಸುಣ್ಣ ಇದ್ದದ್ದು ಹಿತ್ತಾಳೆಯ ಡಬ್ಬಿಯಲ್ಲಲ್ಲ. ಹೆಬ್ಬೆರಳಿನ ಗಾತ್ರದ ಗಾಜಿನ ಬಾಟಲಿಯಲ್ಲಿ. ಅದಕ್ಕೆ ಬೂದು ಬಣ್ಣದ ರಬ್ಬರಿನ ಬಿರಡೆ.

"ಇದೆಲ್ಲಿತ್ತು ಯಮ್ಮಾ?" ಕಳಕೇಶ ಕೈಚಾಚಿದ.

"ಹಟ್ಟ್ಯಾಗ ಬಿದ್ದಿತ್ತು. ಬಿಸಿನೀರಾಗ ತೊಳದು ಇಟ್ಟಕೊಂಡೆ. ಡಬ್ಬ್ಯಾಗ ಇಟ್ಟರ ಸುಣ್ಣ ಒಣಗತೈತಿ. ಇದರಾಗ ನೋಡು, ಬೆಣ್ಣಿ ಇದ್ದಂಗ ಇರತೈತಿ."

ಅವಳ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಮೆಹರಾಜ ಕೈಗವಸು ಹಾಕಿಕೊಂಡು ಬಾಟಲಿಯನ್ನು ಬಿಸಿಲಿಗೆ ಹಿಡಿದರು. ಬಿರಡೆಯ ನಡುವೆ ಸೂಜಿ ಚುಚ್ಚಿದ ಗುರುತುಗಳು, ಒಂದರ ಪಕ್ಕ ಒಂದು, ರವೆ ಜರಡಿಯ ಹಾಗೆ. ಚೀಟಿ ಇಲ್ಲ. ಕತ್ತಿನ ಸುತ್ತ ಇರಬೇಕಾದ ತಗಡಿನ ಬಳೆ ಇಲ್ಲ. ಅದರ ಬದಲು ಮೇಣ ಸುರಿದು ಮುಚ್ಚಿದ್ದ ಗುರುತು.

"ಇದು ಕಂಪನಿ ಮಾಲಲ್ಲ. ಯಾರೋ ಹಳೇ ಬಾಟ್ಲಿಗೆ ತಾವ ತುಂಬ್ಯಾರ," ಎಂದರು ಮೆಹರಾಜ. ದನಿ ಇಳಿದಿತ್ತು. "ಇದು ಬುರುಡಿಗಿಂತ ಭಾಳ ಕೆಟ್ಟದ್ದು ಹವಾಲ್ದಾರ್ರ. ಬುರುಡಿ ಒಂದು ಹಟ್ಟ್ಯಾಗ ಇತ್ತು. ಇದು ಎಷ್ಟು ಊರಿಗೆ ಹೋಗೇತೋ."

ಶಾಂತಕ್ಕ ಕೈಯಲ್ಲಿದ್ದ ಎಲೆಯನ್ನು ಚಂಚಿಯ ಮೇಲಿಟ್ಟಳು.

"ಅಯ್ಯ, ಅದು ಔಷಧ ಇತ್ತವಾ. ಗದ್ದಿಗೆ ಹೋಗೋ ಹೊತ್ತಾತು, ಈ ವರ್ಷದ ಲಸಿಕಿ ಇನ್ನೂ ಬರವಲ್ದು. ಶ್ರೀರಾಮನಗರದಾಗ ಐಸ್‌ಕ್ಯಾಂಡಿ ಮಾರೋ ಮಾಜೀದನ ಹಂತ್ಯಾಕ ಸಿಗತೈತಿ ಅಂತ ಸುದ್ದಿ ಬಂತು. ತರಸಿ ಹಾಕಸಿದ್ವಿ. ಕದ್ದು ಹಾಕಸಿದ್ರ ಕೇಸ ಆಕ್ಕತಿ ಅಂತ ನನ್ನ ಮಗ ಬಾಯಿ ಮುಚ್ಚಿಕೊಂಡು ಕುಂತಾನ."

"ಸೂಜಿ ಚುಚ್ಚಿದ್ದು ಯಾರು? ಮಾಜೀದ ಬಂದಿದ್ದನೇನು?"

ಮುದುಕಿ ಕಳಕೇಶನ ಮುಖ ನೋಡಿದಳು. ಆಮೇಲೆ ಡಾಕ್ಟರ ಮುಖ. ಚಂಚಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಒಳ್ಳೇದ ಮಾಡಾಕ ಬಂದ ಕೈ ಅದು, ತಮ್ಮಾ. ಹೆಸರ ಹೇಳಾಕ ನನ್ನ ಬಾಯಾಗ ಬರಂಗಿಲ್ಲ. ಮಾಜೀದನ್ನ ಕೇಳಿಕೋ ಹೋಗು."

ಮಗನಿಗೆ ಹೆದರಿದ್ದಾಳೆ ಎಂದುಕೊಂಡು ಕಳಕೇಶ ಮೇಲೆದ್ದ.

ಇಲಾಖೆಯ ಜೀಪು ಗಂಗಾವತಿಯ ದಾರಿ ಹಿಡಿದಾಗ ಅವನ ಫೋನು ಗುನುಗಿತು. ಹೆಂಡತಿ ಸುನಿತಾ.

"ರೀ, ಎಲ್ಲಿದ್ದೀರಿ? ಉಂಡ್ರಿಲ್ಲೋ?"

"ಊಟ ಸಾಯ್ಲಿ. ಶ್ರೀರಾಮನಗರಕ್ಕ ಹೊಂಟೀನಿ."

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು.

"ಅಲ್ಲಿಗ್ಯಾಕ?"

"ಕೆಲಸೈತಿ. ನೀ ಒಂದು ಹೇಳು. ಗೌರೀಶನ ಹಟ್ಟಿಗೆ ಯಾರೋ ಸೂಜಿ ಹಾಕ್ಯಾರ. ನಿನ್ನ ಕಿವಿಗೆ ಏನರ ಬಿದ್ದೈತೇನು?"

ಸುನಿತಾ ಪಶುಸಖಿ. ಊರಿನ ಕುರಿ, ಆಡು, ಕೋಳಿಗಳಿಗೆ ಸಣ್ಣಪುಟ್ಟ ಉಪಚಾರ ಮಾಡಲೆಂದು ಸಂಘದಿಂದ ತರಬೇತಿ ಪಡೆದವಳು. ನೀಲಿ ಸೀರೆ ಉಟ್ಟು, ಚೀಲ ಹೆಗಲಿಗೇರಿಸಿ ಹೊರಟಳೆಂದರೆ ಹಟ್ಟಿಯ ನಾಯಿಗಳೂ ಅವಳಿಗೆ ಬೊಗಳುತ್ತಿರಲಿಲ್ಲ.

"ನನಗ ಹೆಂಗ ಗೊತ್ತಾಗಬೇಕ್ರಿ? ಈ ವರ್ಷ ಲಸಿಕಿನ ಬಂದಿಲ್ಲ. ನಾ ಜಂತಿನ ಔಷಧ ಬಿಟ್ಟು ಏನೂ ಮುಟ್ಟಿಲ್ಲ." ದನಿ ಇಳಿಸಿ ಕೇಳಿದಳು, "ಹುಲಿಗೆಪ್ಪ ಕಾಕಾ ಏನರ ಅಂದನೇನು?"

"ಬಾಯಿನ ಬಿಡವಲ್ಲ."

"ಪಾಪ, ಏನರ ತಿಂದಾನೋ ಇಲ್ಲೋ. ಠಾಣೇಕ ರೊಟ್ಟಿ ಒಯ್ದು ಕೊಡ್ಲೇನ್ರಿ?"

"ಒಯ್ದು ಕೊಡು. ನೀ ಕೊಟ್ಟರ ತಿಂತಾನ. ನಿನ್ನ ಕಂಡ್ರ ಅಂವಗ ಹೆತ್ತ ಮಗಳಿದ್ದಂಗ."

ಫೋನು ಕಟ್ಟಾಯಿತು.

"ಮನಿಯವ್ರೇನ್ರಿ?" ಮೆಹರಾಜ ನಕ್ಕರು. "ಲಾಕಪ್ಪಿನಾಗ ಇದ್ದಾವ್ರಿಗೆ ರೊಟ್ಟಿ ಕಳಸೋ ಪೊಲೀಸ್ ಮನಿ ಮೊದಲ ಸಲ ನೋಡಾಕತ್ತೀನಿ."

ಕಳಕೇಶನಿಗೂ ನಗು ಬಂತು. ಬೆಳಗಿನಿಂದ ಬಂದದ್ದು ಅದೊಂದೇ.

ಗಂಗಾವತಿ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಕಾಲುವೆಯ ನೀರು, ಎರಡೂ ಕಡೆ ಕೊಯ್ದ ಗದ್ದೆ, ರಸ್ತೆಯ ಮೇಲೆ ಹರಡಿದ ಭತ್ತ. ಶ್ರೀರಾಮನಗರದ ಸೇತುವೆಯ ಪಕ್ಕ ಭತ್ತ ಕೊಯ್ಯುವ ಯಂತ್ರಗಳು ಸಾಲಾಗಿ ನಿಂತಿದ್ದವು. ಅವುಗಳ ಡ್ರೈವರುಗಳು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಕೂಗಿ ರೇಗಿಸುತ್ತ ಐಸ್‌ಕ್ಯಾಂಡಿ ಚೀಪುತ್ತಿದ್ದರು.

ಅಂಗಡಿಯವನು ತೆಳ್ಳಗಿನ ಮನುಷ್ಯ, ಗಡ್ಡದಲ್ಲಿ ಅಲ್ಲಲ್ಲಿ ಬಿಳಿ. ಗಿರಾಕಿಗೆ ಕ್ಯಾಂಡಿ ಕೊಟ್ಟವನೇ ನಲ್ಲಿಯ ಹತ್ತಿರ ಹೋಗಿ ಮೊಣಕೈಯವರೆಗೂ ಸಾಬೂನು ಹಚ್ಚಿ ತೊಳೆದ. ನಲ್ಲಿಯನ್ನು ಮುಚ್ಚಿದ್ದೂ ಮೊಣಕೈಯಿಂದಲೇ.

ಮೆಹರಾಜ ಕಳಕೇಶನ ತೋಳು ಮುಟ್ಟಿದರು. "ನೋಡಿದ್ರ್ಯಾ? ಹಂಗ ಕೈ ತೊಳೆಯೋದು ಐಸ್‌ಕ್ಯಾಂಡಿ ಮಾರಿ ಕಲ್ತದ್ದಲ್ಲ."

ಕಳಕೇಶ ನೇರ ಹೋಗಿ ಸುಣ್ಣದ ಬಾಟಲಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ.

ಮಾಜೀದ ಓಡಲಿಲ್ಲ. ಅದನ್ನೇ ನೋಡುತ್ತ ನಿಂತ. ಆಮೇಲೆ ಡ್ರೈವರುಗಳ ಕಡೆ ತಿರುಗಿ, "ಪೊಂಡಿ ಬಾಬೂ, ಅಂಗಡಿ ಬಂದ್," ಎಂದ. ಯಾರೂ ಹೋಗಲಿಲ್ಲ. ಪೊಲೀಸರು ಬಂದ ಅಂಗಡಿಯನ್ನು ಯಾರು ಬಿಟ್ಟು ಹೋಗುತ್ತಾರೆ?

"ಎಲ್ಲಿ ಕೆಲಸ ಮಾಡ್ತಿದ್ರಿ?" ಮೆಹರಾಜ ಕೇಳಿದರು.

"ಲಸಿಕಿ ಮಾಡೋ ಕಡಿ, ಮೇಡಂ. ಗುತ್ತಿಗಿ ಕೆಲಸ. ಬಾಟ್ಲಿ ತೊಳಿಯಾಂವ ಅಂತ ಸೇರಿದೆ. ಕಡೀಕ ಎಲ್ಲಾ ನಾನ ಮಾಡ್ತಿದ್ದೆ. ಒಂದು ದಿನ ಗೇಟಿನ್ಯಾಗ ನಿಲ್ಲಿಸಿ, ನಾಳಿಂದ ಬರಬ್ಯಾಡ ಅಂದ್ರು."

"ಬರೂಮುಂದ ಏನು ತಂದ್ರಿ?"

ಮಾಜೀದ ಫ್ರೀಜರಿನ ಮುಚ್ಚಳ ಎತ್ತಿದ. ಗುಲಾಬಿ, ಕಿತ್ತಳೆ ಕ್ಯಾಂಡಿಗಳ ರಾಶಿ. ಅದನ್ನು ಬದಿಗೆ ಸರಿಸಿದ. ಕೆಳಗೆ ಒಂದು ಸ್ಟೀಲಿನ ಟಿಫಿನ್ ಡಬ್ಬಿ. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಸಣ್ಣ ಬಾಟಲಿಗಳು, ಮೊಟ್ಟೆಗಳ ಹಾಗೆ.

"ಯಾ ಅಲ್ಲಾ," ಎಂದರು ಮೆಹರಾಜ. "ಹುಡುಗ್ರು ತಿನ್ನೋ ಕ್ಯಾಂಡಿ ಕೆಳಗ! ಮಾಜೀದಭಾಯಿ, ಇದನ್ನ ಇಟ್ಟಕೊಳ್ಳಾಕ, ಬೆಳಸಾಕ, ಕೊಡಾಕ ನಿಮಗ ಹಕ್ಕಿಲ್ಲ ಅಂತ ಗೊತ್ತಿರಲಿಲ್ಲೇನ್ರಿ? ಅಲ್ಲಿ ಕೆಲಸ ಮಾಡಿದಾವ್ರು ನೀವು!"

"ಗೊತ್ತಿತ್ರಿ. ಗೊತ್ತಿದ್ದ ಮಾಡೀನಿ. ಆದ್ರ ಇದು ಲ್ಯಾಬಿನ್ಯಾಗ ಪಳಗಿಸಿದ ರೋಗಾಣು, ಮೇಡಂ. ಕೆಮ್ಮಿನಷ್ಟೂ ತ್ರಾಸ ಕೊಡಂಗಿಲ್ಲ. ಅಲ್ಲಾನ ಆಣಿ, ಇದರಿಂದ ಒಂದು ಮರಿನೂ ಸತ್ತಿಲ್ಲ. ಲಸಿಕಿ ತಡ ಆದಾಗೆಲ್ಲ ಕುರಿಗಾರರು ಇದ ಗದ್ಯಾಗ ಕುಂತು ಎದಿ ಬಡಕೊಳ್ಳೋದು ನೋಡೀನಿ. ನನ್ನ ಕೈಯಾಗ ವಿದ್ಯಾ ಇಟ್ಟಕೊಂಡು ಐಸ್ ಮಾರ್ಕೊಂತ ಕುಂಡ್ರಲೇನ್ರಿ?"

ಕಳಕೇಶನ ಸಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಿತು. ಈ ಮನುಷ್ಯನನ್ನು ದ್ವೇಷಿಸಲು ಅವನು ಗಂಗಾವತಿಯಿಂದಲೇ ತಯಾರಾಗಿ ಬಂದಿದ್ದ. ಅದು ಕೈಗೂಡಲಿಲ್ಲ.

"ಪಳಗಿಸಿದ್ದು ಅಂತಿ. ಅಲ್ಲಿ ಗುಂಡಿ ತುಂಬ ಕುರಿ ಬಿದ್ದಾವ. ಅವು ಹೆಂಗ ಸತ್ತುವು?"

"ಸತ್ತಾವ?" ಮಾಜೀದನ ಮುಖ ಬಿಳಿಚಿತು. "ಇರಕಲ್ಲಗಡದಾಗ? ಹಂಗಾರ... ಹಂಗಾರ ಅಕಿ ಕೂಡಿಸ್ಯಾಳ."

"ಯಾರು? ಏನ್ ಕೂಡಿಸ್ಯಾಳ?"

"ಬಾಟ್ಲಿ ಒಯ್ದ ಹೆಣ್ಣಮಗಳು. ಹೆಸರ ಕೇಳಿಲ್ರಿ, ಅಕ್ಕಾ ಅಂತಿದ್ದೆ. ಭಾಳ ಛಲೋ ಮನಿಶಾಳು. ಒಂದು ರೂಪಾಯಿ ಮ್ಯಾಲ ಇಟ್ಟಕೊಳ್ಳದ ಕುರಿಗಾರರಿಗೆ ಮುಟ್ಟಸ್ತಿದ್ಲು. ಒಂದು ದಿನ ಫೋನ್ ಮಾಡಿದ್ಲು. 'ಅಣ್ಣಾ, ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗೇತಿ. ಹಾಕಿದ ಮ್ಯಾಲ ಒಂದು ಕುರಿಗೂ ಗುಳ್ಳಿ ಏಳಲಿಲ್ಲ. ಔಷಧ ಹತ್ತಿಲ್ಲ, ಸತ್ತೈತಿ' ಅಂತ."

"ಗುಳ್ಳಿ ಏಳಬಾರದು! ಏಳಲಾರದ್ದಕ್ಕ ಅದು ಲಸಿಕಿ!" ಮೆಹರಾಜ ಬಹುತೇಕ ಕೂಗಿದರು.

ಕಳಕೇಶನಿಗೆ ಮಾತ್ರ ಅರ್ಥವಾಗಿತ್ತು. ಹಟ್ಟಿಯಲ್ಲಿ ಬೆಳೆದ ಯಾರಿಗಾದರೂ ಅರ್ಥವಾಗುತ್ತಿತ್ತು. ಅಲ್ಲಿ ಕಿವಿಯಲ್ಲಿ ಗುಳ್ಳೆ ಎದ್ದರೆ ಮಾತ್ರ ಅವ್ವ ಒಪ್ಪಿಕೊಂಡಳು ಎಂದು ಲೆಕ್ಕ. ಏಳದಿದ್ದರೆ ಇನ್ನೊಮ್ಮೆ ಹಚ್ಚಬೇಕು. ಹುಟ್ಟಿದಾಗಿನಿಂದ ಕಂಡದ್ದು, ಎಂಥ ತರಬೇತಿಯಿಂದಲೂ ಅಳಿಸಿ ಹೋಗದಷ್ಟು ಆಳಕ್ಕೆ ಇಳಿದದ್ದು.

"ಆಮ್ಯಾಲ?" ಅವನ ದನಿ ಅವನದೇ ಅನ್ನಿಸಲಿಲ್ಲ.

"'ಹಳೇ ಹಕ್ಕಳಿ ಒಂದು ಚಿಟಿಕಿ ತಂದು ಬಾಟ್ಲ್ಯಾಗ ಕೂಡಿಸಿ ಇನ್ನೊಮ್ಮೆ ಹಾಕ್ಲೇನು, ನಮ್ಮ ಕಾಕಾನ ಹಂತ್ಯಾಕ ಐತಿ' ಅಂತ ಕೇಳಿದ್ಲು. ಆ ಹೊತ್ತಿಗೆ ಅಂಗಡಿ ತುಂಬ ಗದ್ದಲ. ನಾ ಬ್ಯಾಡ ಅನ್ನಬೇಕಿತ್ರಿ. ಚೀರಿ ಅನ್ನಬೇಕಿತ್ತು. ಏನಂದೆ ಗೊತ್ತೇನ್ರಿ? 'ನಿಮಗ ತಿಳದಂಗ ಮಾಡ್ರಿ ಅಕ್ಕಾ' ಅಂದೆ. ಚಿಲ್ಲರ ಕೊಡಬೇಕಿತ್ತು, ಫೋನ್ ಇಟ್ಟೆ."

ಅವನು ಫ್ರೀಜರಿನ ಅಂಚು ಹಿಡಿದು ಕೆಳಗೆ ಕೂತ. ಚೀಪುತ್ತಿದ್ದ ಡ್ರೈವರುಗಳ ಕೈಯಲ್ಲಿ ಕ್ಯಾಂಡಿ ಕರಗಿ ತೊಟ್ಟಿಕ್ಕುತ್ತಿತ್ತು.

ಮೆಹರಾಜ ಅವನ ಎದುರು ಬಗ್ಗಿದರು. ಬೈಗುಳದ ದನಿ ಹೋಗಿತ್ತು. "ಮಾಜೀದಭಾಯಿ, ಇದನ್ನ ಈಗ ಹೇಳ್ರಿ. ಹಂಗ ಕೂಡಿಸಿದ ಬಾಟ್ಲಿ ಇನ್ನೂ ಉಳದಾವೇನು? ಎಲ್ಲದಾವ?"

"ಅಕಿ ಮನಿ ಫ್ರಿಜ್‌ನ್ಯಾಗ. ನಾನ ಕೇಳಿದ್ದೆ, ಮನ್ಯಾಗ ಇಟ್ಟರ ಯಾರರ ಹುಡುಕಿದ್ರ ಹೆಂಗ ಅಂತ. ನಕ್ಕಳು. 'ನನ್ನ ಗಂಡ ಪೊಲೀಸ್ ಅದಾನ ಅಣ್ಣಾ, ನಮ್ಮ ಮನಿ ಯಾರ ಹುಡಕ್ತಾರ' ಅಂದ್ಲು. ಅಲ್ಲೇ ಊರಾಗ ಪಶುಸಖಿ ಅದಾಳ್ರಿ ಅಕಿ."

ಸೇತುವೆಯ ಮೇಲೆ ಒಂದು ಲಾರಿ ಹಾದುಹೋಯಿತು. ಅದರ ಸದ್ದು ಕಳಕೇಶನಿಗೆ ಕೇಳಲಿಲ್ಲ. ಹೋದ ವಾರ ಉಪ್ಪಿನಕಾಯಿ ತೆಗೆಯಲು ಫ್ರಿಜ್ ಬಾಗಿಲಿಗೆ ಕೈಹಾಕಿದಾಗ ಸುನಿತಾ ಓಡಿ ಬಂದು ಮುಚ್ಚಿದ್ದಳು. ತಂಪು ಹೋಗತೈತ್ರಿ, ಪದೇ ಪದೇ ತಗೀಬ್ಯಾಡ್ರಿ, ಎಂದಿದ್ದಳು. ಕೂತಲ್ಲಿಗೇ ಉಪ್ಪಿನಕಾಯಿ ತಂದು ಬಡಿಸಿದ್ದಳು.

ಜೇಬಿನಲ್ಲಿ ಫೋನು ಗುನುಗಿತು. ಪಿಎಸ್‌ಐ ಸಾಹೇಬರು.

"ಏ ಕಳಕೇಶ, ವಾಪಸ್ ಬಾ. ಕೇಸ್ ಮುಗೀತು. ಮುದುಕ ಬಾಯಿ ಬಿಟ್ಟ."

"ಏನಂತ್ರಿ, ಸಾಹೇಬ್ರ?"

"ತಾನ ಮಾಡೀನಿ ಅಂತ. ಗೌರೀಶನ ಮ್ಯಾಲ ಸಿಟ್ಟಿತ್ತು, ರಾತ್ರಿ ಹೋಗಿ ಹಚ್ಚಿ ಬಂದೆ ಅಂತ. ಹೆಬ್ಬೆಟ್ಟೂ ಒತ್ತ್ಯಾನ. ಇಷ್ಟು ಹೊತ್ತು ಕಲ್ಲಿನಂಗ ಕುಂತಿದ್ದ. ನಿನ್ನ ಹೆಂಡ್ತಿ ಬಂದು ರೊಟ್ಟಿ ತಿನಿಸಿ, ಕಿವ್ಯಾಗ ಏನೋ ಹೇಳಿ ಅತ್ತು ಹೋದ್ಲು ನೋಡು. ಅಕಿ ಹೊಸ್ತಿಲ ದಾಟಿದ್ದ ತಡ, ಕಂಬಳಿ ಕೊಡವಿ ಎದ್ದು ನಿಂತ, 'ಬರಕೋರಿ' ಅಂದ. ನಿನ್ನ ಹೆಂಡ್ತಿಗೆ ಒಂದು ಬಹುಮಾನ ಕೊಡಸ್ಬೇಕಲೇ!"

ಸಾಹೇಬರ ನಗೆ ಫೋನಿನ ಹೊರಗೂ ಕೇಳಿತು. ಕಳಕೇಶ ಅದನ್ನು ಕಿವಿಯಿಂದ ಕೆಳಗಿಳಿಸಿದ.

ಈಗ ತಾನು ಒಂದೇ ಒಂದು ಕೆಲಸ ಮಾಡಿದರೆ ಸಾಕು ಅನ್ನಿಸಿತು. ಏನೂ ಮಾಡದೆ ಇರುವುದು. ಮಾಜೀದನಿಗೆ ಹೆಸರು ಗೊತ್ತಿಲ್ಲ. ಗೌರೀಶ ಬಾಯಿ ಬಿಡುವುದಿಲ್ಲ, ಶಾಂತಕ್ಕ ಬಿಡುವುದಿಲ್ಲ. ಸೂಜಿಯ ಮಾತು ಬಂದಾಗ ಊರು ತನ್ನ ಮುಖ ನೋಡಿ ಸುಮ್ಮನಾದದ್ದು ಯಾಕೆಂದು ಈಗ ತಿಳಿಯಿತು. ಇನ್ನು ಹುಲಿಗೆಪ್ಪ. ಅವನು ತನ್ನ ಮುಪ್ಪನ್ನು ತೆಗೆದು ಸುನಿತಾಳ ಉಡಿಗೆ ಹಾಕಿಬಿಟ್ಟಿದ್ದ. ಆಚೆ ಬಲೆಯೊಳಗೆ ಕುರಿಗಳು, ಹೊರಗೆ ಹುಲಗಮ್ಮ.

ಮೆಹರಾಜ ಟಿಫಿನ್ ಡಬ್ಬಿಗೆ ಮೊಹರು ಹಚ್ಚಿ ಎದ್ದು ಬಂದರು. ಅವರ ಮುಖದಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಒಂದು ಎಳೆ ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಆ ಬಾಟ್ಲಿ ಮೊದಲ ಕೈಗೆ ಸಿಗಬೇಕ್ರಿ. ಗೊತ್ತಿಲ್ಲದಂಗ ಇನ್ನೊಂದು ಹಟ್ಟಿಗೆ ಹೋದ್ರ ಜಿಲ್ಲಾಕ್ಕ ಜಿಲ್ಲಾನ ಹೊತ್ತಕೊಂಡು ಉರಿಯತೈತಿ. ಅಲ್ರಿ ಹವಾಲ್ದಾರ್ರ, ನೀವು ಅದ ಊರಾವ್ರು, ನಿಮಗ ಗೊತ್ತಿರಬೇಕು. ಇರಕಲ್ಲಗಡದಾಗ ಗಂಡ ಪೊಲೀಸ್ ಇರೋ ಪಶುಸಖಿ ಯಾರು? ಅವ್ರ ಮನಿ ಎಲ್ಲೈತಿ?"

ಕಳಕೇಶ ಅವರನ್ನು ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಜೀಪಿನ ಕಡೆಗಲ್ಲ, ಕಾಲುವೆಯ ದಂಡೆಯ ಕಡೆಗೆ ತಿರುಗಿ, ಭತ್ತದ ಯಂತ್ರಗಳ ನಡುವೆ ಹಾದು ನಡೆದ.

"ಹವಾಲ್ದಾರ್ರ?"

ಅವನು ನಿಲ್ಲಲಿಲ್ಲ.

"ಕಳಕೇಶ ಅವ್ರ, ನಿಮ್ಮನ್ನ ಕೇಳಾಕತ್ತೀನ್ರಿ!"